ದನದ ರೋಗಕ್ಕೆ ದೆಹಲಿ ಯಾಕೆ? ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ಇದ್ವು, ದನಕ್ಕೋ ಕೋಳಿಗೋ ಅಂಟುರೋಗ ಬಂದ್ರೆ ಸರ್ಕಾರದಲ್ಲಿ ಯಾರು ಏನು ಮಾಡ್ತಾರೆ, ನಾವು ಬಾಯಿ ಬಿಟ್ರೆ ನಮಗೇ ತೊಂದ್ರೆ ಆಗಲ್ವಾ ಅಂತ. ಹಂಗಾಗಿ ಗಬ್ಬ ನಿಲ್ತಿಲ್ಲ, ಕೆಚ್ಚಲು ಬಾವು ಅನ್ನೋ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟು ಇದನ್ನೇ ತಗೊಂಡಿದೀನಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳ್ಕೊಂಡಿದ್ರು, ಅದಕ್ಕೇ ಯಾರ ಹೆಸರೂ ಊರೂ ಇಲ್ಲ.

ಪ್ರ: ಡಾಕ್ಟ್ರೇ, ನನ್ನ ಹತ್ರ ಆರು ಹಸು ಇದಾವೆ, ಎಲ್ಲಾ ಗಟ್ಟಿಮುಟ್ಟಾಗಿದಾವೆ. ಮೊನ್ನೆ ಪಶು ಆಸ್ಪತ್ರೆಯವರು ಬಂದು ಎರಡು ಹಸುವಿನ ರಕ್ತ ತಗೊಂಡು ಹೋದ್ರು. ಕಾಯಿಲೆ ಆದಾಗ ಫೋನ್ ಮಾಡಿದ್ರೆ ಬರೋದು ಲೇಟು, ಚೆನ್ನಾಗಿರೋ ದನದ ರಕ್ತ ಇವರಿಗ್ಯಾಕೆ? ರಿಪೋರ್ಟೂ ಕೊಡ್ಲಿಲ್ಲ.

ಉ: ಲೇಟಾಗಿ ಬರೋ ವಿಚಾರದಲ್ಲಿ ನಿಮ್ಮ ಸಿಟ್ಟು ನ್ಯಾಯವಾದ್ದೇ, ಒಬ್ಬ ಡಾಕ್ಟ್ರಿಗೆ ಎರಡು ಮೂರು ಆಸ್ಪತ್ರೆ ಚಾರ್ಜ್ ಕೊಟ್ರೆ ಇನ್ನೇನಾಗುತ್ತೆ. ಆದ್ರೆ ರಕ್ತದ ವಿಷಯ ಬೇರೆ. ರೋಗ ಬಂದ ಮೇಲೆ ನೀವು ಹೇಳಿ ನಾವು ಬರೋದು ಒಂದು ಥರದ ಕಣ್ಗಾವಲು. ಯಾರೂ ದೂರು ಹೇಳದೇ ಇರೋ ಕಡೆ ನಾವೇ ಹೋಗಿ ಹುಡುಕೋದು ಇನ್ನೊಂದು ಥರದ್ದು, ನಿಮ್ಮನೆಗೆ ಬಂದಿದ್ದು ಆ ಎರಡನೇದು. ಊರುಗಳನ್ನ, ಮನೆಗಳನ್ನ ಚೀಟಿ ಎತ್ತಿದ ಹಾಗೆ ಆರಿಸ್ತಾರೆ, ಯಾಕಂದ್ರೆ ಬರೀ ಕಾಯಿಲೆ ದನದ ರಕ್ತ ನೋಡಿದ್ರೆ ಇಡೀ ಜಿಲ್ಲೇಲಿ ಕಾಯಿಲೆ ಇದೆ ಅಂತ ಅನ್ಸುತ್ತೆ, ಬರೀ ನೀಟಾಗಿರೋ ಫಾರಂ ನೋಡಿದ್ರೆ ಏನೂ ಇಲ್ಲ ಅಂತ ಅನ್ಸುತ್ತೆ.

ಕಾಲುಬಾಯಿ ರೋಗದ್ದೇ ತಗೊಳ್ಳಿ. ಒಂದೇ ಟ್ಯೂಬ್ ರಕ್ತದಿಂದ ಎರಡು ಉತ್ತರ ಸಿಗುತ್ತೆ. ಹಾಕಿದ ಲಸಿಕೆ ಮೈಗೆ ಹತ್ತಿದೆಯಾ ಅನ್ನೋದು ಒಂದು. ನಿಜವಾದ ವೈರಸ್ ಯಾರಿಗೂ ಗೊತ್ತಾಗದೇ ಬಂದು ಹೋಗಿದೆಯಾ ಅನ್ನೋದು ಇನ್ನೊಂದು. ಇದು ಹೆಂಗೆ ಅಂದ್ರೆ, ವೈರಸ್ಸು ದನದ ಮೈಯೊಳಗೆ ಹೊಕ್ಕು ಬೆಳೆಯೋವಾಗ ಮಾತ್ರ ತಯಾರಾಗೋ ಕೆಲವು ಪ್ರೋಟೀನ್ ಇದಾವೆ, ಲಸಿಕೆಯನ್ನ ಶುದ್ಧ ಮಾಡೋವಾಗ ಅವನ್ನ ತೆಗೆದಿರ್ತಾರೆ, ಹಂಗಾಗಿ ಆ ಪ್ರೋಟೀನಿಗೆ ಎದುರಾಗಿ ಹುಟ್ಟಿದ ಆಂಟಿಬಾಡಿ ರಕ್ತದಲ್ಲಿ ಸಿಕ್ತು ಅಂದ್ರೆ ಅದು ಲಸಿಕೆದಲ್ಲ, ರೋಗದ್ದು. ಲಸಿಕೆ ಹಾಕಿಸಿದ ದನಕ್ಕೆ ಸೋಂಕು ತಗುಲಿದ್ರೂ ಜೊಲ್ಲು ಸುರಿಸದೇ ಕುಂಟದೇ ಆರಾಮಾಗಿ ಇರಬಹುದು, ನಿಮ್ಮ ಕಣ್ಣಿಗೆ ಅದು ಆರೋಗ್ಯವಂತ ಹಸುವೇ.

ಇನ್ನೊಂದು ಕಾರಣ ಇದೆ, ಇದು ನನಗೆ ತುಂಬಾ ಇಷ್ಟದ್ದು. ರೋಗ ಇಲ್ಲ ಅಂತ ಹೇಳೋಕೂ ಪುರಾವೆ ಬೇಕು. ನಿಮ್ಮ ತಾತನ ಕಾಲದಲ್ಲಿ ದೊಡ್ಡ ರೋಗ ಅಂತ ಒಂದಿತ್ತು, ರಿಂಡರ್‌ಪೆಸ್ಟ್, ಬಂದ್ರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿ. ನಮ್ಮ ದೇಶದಲ್ಲಿ ಅದರ ಕೊನೇ ಕೇಸು 1995ರಲ್ಲಿ ಕಂಡಿದ್ದು, ಆದ್ರೆ ಭಾರತ ಅದರ ಸೋಂಕಿನಿಂದ ಪೂರಾ ಮುಕ್ತ ಅಂತ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಒಪ್ಪಿದ್ದು 2006ರಲ್ಲಿ. ನಡುವಿನ ಅಷ್ಟೂ ವರ್ಷ ಏನು ಮಾಡಿದ್ರು ಅಂತೀರಾ? ಮೊದ್ಲು ಲಸಿಕೆ ಹಾಕೋದನ್ನೇ ನಿಲ್ಲಿಸಿದ್ರು, ಯಾಕಂದ್ರೆ ಲಸಿಕೆ ಹಾಕ್ತಾ ಇದ್ರೆ ಒಳಗೆ ರೋಗ ಅಡಗಿದೆಯೋ ಇಲ್ವೋ ಗೊತ್ತಾಗಲ್ಲ, ಆಮೇಲೆ ಊರೂರು ತಿರುಗಿ ಹುಡುಕಿದ್ರು, ರಕ್ತ ತೆಗೆದ್ರು, ಸಿಗಲಿಲ್ಲ ಸಿಗಲಿಲ್ಲ ಅಂತ ಬರೆದಿಟ್ರು. 2011ರಲ್ಲಿ ಇಡೀ ಪ್ರಪಂಚದಿಂದಲೇ ಅದು ಹೋಯ್ತು ಅಂತ ಘೋಷಣೆ ಆಯ್ತು. ಮನುಷ್ಯರ ಸಿಡುಬು ಬಿಟ್ರೆ ಹಿಂಗೆ ಬುಡಸಮೇತ ಕಿತ್ತು ಹೋದ ರೋಗ ಇದೊಂದೇ.

ರಿಪೋರ್ಟ್ ಕೊಡಲಿಲ್ಲ ಅಂದ್ರಲ್ಲ, ಅದು ತಪ್ಪೇ. ದನದ ಯಜಮಾನರಿಗೆ ಒಂದು ಮೆಸೇಜಾದ್ರೂ ಹೋಗ್ಬೇಕು, ಇಲ್ಲಾಂದ್ರೆ ಮುಂದಿನ ಸಲ ನೀವು ಹಗ್ಗ ಹಿಡಿಯೋಕೂ ಬರಲ್ಲ. ಆಸ್ಪತ್ರೆಗೆ ಹೋಗಿ ಕಿವಿಯೋಲೆ, ಅಂದ್ರೆ ಹಸುವಿನ ಕಿವಿಗೆ ಹಾಕಿರೋ ಬಿಲ್ಲೆಯ ನಂಬರ್ ಹೇಳಿ ಕೇಳಿ.

ಪ್ರ: ಪಶುಪಾಲನೆ ರಾಜ್ಯದ್ದೋ ಕೇಂದ್ರದ್ದೋ? ಲಸಿಕೆ ಬಂದಿಲ್ಲ ಅಂತ ಕೇಳಿದ್ರೆ ಒಬ್ರು ಇನ್ನೊಬ್ರ ಕಡೆ ಕೈ ತೋರಿಸ್ತಾರೆ.

ಉ: ಸಂವಿಧಾನದ ಪ್ರಕಾರ ಎರಡೂ. ಪ್ರಾಣಿ ರೋಗ ತಡೆಯೋದು, ಪಶುವೈದ್ಯ ಸೇವೆ ಇವೆಲ್ಲ ರಾಜ್ಯ ಪಟ್ಟೀಲಿದೆ. ಆದ್ರೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಅಂಟುರೋಗ ಹರಡದ ಹಾಗೆ ನೋಡ್ಕೊಳ್ಳೋದು ಸಮವರ್ತಿ ಪಟ್ಟೀಲಿದೆ, ಅಂದ್ರೆ ಇಬ್ರಿಗೂ ಸೇರಿದ್ದು. ಆ ದಾರಿ ಹಿಡಿದೇ ಪಾರ್ಲಿಮೆಂಟು 2009ರಲ್ಲಿ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣ ಕಾಯ್ದೆ ಮಾಡಿದ್ದು. ಹಸುವಿಗೆ ಪಾಸ್‌ಪೋರ್ಟ್ ಇಲ್ಲವಲ್ಲ, ಗಡಿ ದಾಟಿ ಆ ಕಡೆ ಸಂತೆಗೆ ಹೋಗಿ ಮಾರಾಟ ಆಗದೇ ವಾಪಸ್ ಬರುತ್ತೆ, ಜೊತೆಗೆ ವೈರಸ್ಸೂ ಬರುತ್ತೆ. ಈ ಕಡೆ ಲಸಿಕೆ ಹಾಕಿ ಆ ಕಡೆ ಹಾಕದಿದ್ರೆ ದುಡ್ಡು ದಂಡ.

ಅದಕ್ಕೇ ಕಾಲುಬಾಯಿ ಮತ್ತು ಕಂದು ಹಾಕಿಸೋ ರೋಗವಾದ ಬ್ರುಸೆಲ್ಲೋಸಿಸ್‌ಗೆ 2019ರ ಸೆಪ್ಟೆಂಬರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿ ಐದು ವರ್ಷಕ್ಕೆ 13,343 ಕೋಟಿ ರೂಪಾಯಿ ಇಟ್ರು, ಪೂರಾ ಕೇಂದ್ರದ ದುಡ್ಡು. ಲಸಿಕೆ ದೆಹಲಿಯಿಂದ, ಸೂಜಿ ಹಿಡಿಯೋ ಕೈ ರಾಜ್ಯದ್ದು. ಕೈ ತೋರಿಸೋ ಆಟ ಇಲ್ಲೇ ಶುರುವಾಗೋದು.

ಕೆಲಸ ನಿಜಕ್ಕೂ ಹೆಂಗೆ ನಡಿಯುತ್ತೆ ಅಂತ ಒಂದು ಸಲ ಜೊತೇಲೇ ನಡೆದು ನೋಡೋಣ. ಒಂದು ಹಟ್ಟೀಲಿ ಮೂರು ಹಸು ಜೊಲ್ಲು ಸುರಿಸ್ತಾ ಮೇವು ಬಿಟ್ಟು ನಿಂತಿವೆ. ತಾಲೂಕಿನ ಡಾಕ್ಟ್ರು ಬಂದು ಬಾಯಿ ಬಿಡಿಸಿ ನೋಡ್ತಾರೆ, ನಾಲಿಗೆ ಮೇಲಿನ ಗುಳ್ಳೆ ಒಡೆದು ಸಿಪ್ಪೆ ಜೋತಾಡ್ತಿರುತ್ತೆ, ಆ ಸಿಪ್ಪೇನ ಚಿಮಟದಲ್ಲಿ ತೆಗೆದು ಗ್ಲಿಸರಿನ್ ದ್ರಾವಣದ ಸೀಸೇಲಿ ಹಾಕಿ ಐಸ್ ಡಬ್ಬಿಗೆ ಇಡ್ತಾರೆ. ಜಿಲ್ಲೆಯ ಉಪನಿರ್ದೇಶಕರಿಗೆ ಫೋನು, ದೇಶದ ರೋಗ ವರದಿ ಪೋರ್ಟಲ್‌ಗೆ ಎಂಟ್ರಿ. ನಮ್ಮಲ್ಲಿ ಮಾದರಿ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಹೋಗುತ್ತೆ, ದಕ್ಷಿಣ ರಾಜ್ಯಗಳ ಪ್ರಾದೇಶಿಕ ರೋಗ ಪತ್ತೆ ಲ್ಯಾಬ್ ಇರೋದೂ ಅಲ್ಲೇ. ಕಾಲುಬಾಯಿಯ ಕೊನೇ ಮಾತು ಭುವನೇಶ್ವರದ ರಾಷ್ಟ್ರೀಯ ಸಂಸ್ಥೆಯದ್ದು, ಓ, ಎ, ಏಷಿಯಾ-1 ಈ ಮೂರರಲ್ಲಿ ಯಾವ ಟೈಪು, ಈಗ ಹಾಕ್ತಿರೋ ಲಸಿಕೆ ಈ ವೈರಸ್ಸಿಗೆ ಹೊಂದುತ್ತಾ ಅಂತ ಅವರೇ ನೋಡೋದು. ಹಕ್ಕಿಜ್ವರ, ಆಫ್ರಿಕನ್ ಹಂದಿ ಜ್ವರದಂಥ ಅಪಾಯದ್ದು ಆದ್ರೆ ಭೋಪಾಲ್‌ನ ಹೈ ಸೆಕ್ಯುರಿಟಿ ಲ್ಯಾಬು. ಇತ್ತ ಊರಲ್ಲಿ ರಿಸಲ್ಟಿಗೆ ಕಾಯ್ತಾ ಕೂರಲ್ಲ, ಸುತ್ತಲಿನ ಊರುಗಳಿಗೆ ಲಸಿಕೆ ಶುರು ಮಾಡ್ತಾರೆ, ಅದೂ ಹೊರಗಿನ ಊರಿಂದ ಒಳಕ್ಕೆ, ರೋಗ ಬಂದ ಹಟ್ಟಿ ಕೊನೇಗೆ. ಒಳಗಿಂದ ಹೊರಕ್ಕೆ ಹೋದ್ರೆ ಲಸಿಕೆ ಹಾಕೋನ ಬೂಟಲ್ಲೇ ವೈರಸ್ ಊರೂರು ಸುತ್ತುತ್ತೆ.

ಈ ಸರಪಳೀಲಿ ಲ್ಯಾಬು, ಪೋರ್ಟಲ್ಲು ಎಲ್ಲಾ ಈಗ ಪರವಾಗಿಲ್ಲ. ತಡ ಆಗೋದು ಮೊದಲನೇ ಕೊಂಡೀಲಿ, ಹಸು ಜೊಲ್ಲು ಸುರಿಸಿದ ದಿನಕ್ಕೂ ಡಾಕ್ಟ್ರಿಗೆ ಫೋನ್ ಬಂದ ದಿನಕ್ಕೂ ನಡುವೆ.

ಪ್ರ: ಸಾರ್ ನೇರವಾಗಿ ಕೇಳ್ತೀನಿ. ಕಾಲುಬಾಯಿ ಬಂದಿದೆ ಅಂತ ಗೊತ್ತಾದ್ರೆ ಡೇರೀಲಿ ಹಾಲು ತಗೊಳ್ಳಲ್ಲ, ಸಂತೆ ನಿಲ್ಲಿಸ್ತಾರೆ, ಊರಲ್ಲಿ ಎಲ್ರೂ ನನ್ನನ್ನೇ ಬೈತಾರೆ. ಸುಮ್ಮನಿದ್ದು ಮನೆಯಲ್ಲೇ ಔಷಧಿ ಮಾಡ್ಕೊಂಡ್ರೆ ಆಗಲ್ವಾ?

ಉ: ನೇರವಾಗಿ ಕೇಳಿದೀರಿ, ನೇರವಾಗೇ ಹೇಳ್ತೀನಿ. ಕಾನೂನು ಪ್ರಕಾರ ಆಗಲ್ಲ. 2009ರ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಪಟ್ಟೀಲಿರೋ ರೋಗದ ಅನುಮಾನ ಬಂದ್ರೆ ಸಾಕು, ಖಾತ್ರಿ ಆಗೋದು ಬೇಕಿಲ್ಲ, ದನದ ಯಜಮಾನ ಗ್ರಾಮ ಅಧಿಕಾರಿಗೋ ಪಂಚಾಯ್ತಿಗೋ ಹೇಳಲೇಬೇಕು, ಅವರು ಹತ್ತಿರದ ಪಶುವೈದ್ಯರಿಗೆ ತಿಳಿಸ್ತಾರೆ. ಕಾಯಿಲೆ ದನಾನ ಬೇರೆ ಕಟ್ಟಬೇಕು ಅಂತಲೂ ಇದೆ. ದಂಡಾನೂ ಇದೆ, ಆದ್ರೆ ದಂಡಕ್ಕೆ ಹೆದರಿ ಯಾರೂ ಫೋನ್ ಮಾಡಲ್ಲ ಅಂತ ನನಗೂ ಗೊತ್ತು ನಿಮಗೂ ಗೊತ್ತು.

ಲೆಕ್ಕ ಬೇರೆ ಥರ ಹಾಕಿ. ಕಾಲುಬಾಯಿ ತಗುಲಿದ ಹಸು ಗುಳ್ಳೆ ಕಾಣಿಸ್ಕೊಳ್ಳೋ ಮೊದಲೇ ಹಾಲಲ್ಲಿ ವೈರಸ್ ಬಿಡುತ್ತೆ. ಅಂದ್ರೆ ನಿಮಗೆ ಅನುಮಾನ ಬರೋ ಹೊತ್ತಿಗೆ ಕ್ಯಾನು, ಕೈ, ಬಟ್ಟೆ, ಕರು ಎಲ್ಲಾ ಮುಗಿದಿರುತ್ತೆ. ನೀವು ಮುಚ್ಚಿಟ್ಟ ಒಂದು ವಾರದಲ್ಲಿ ಅದು ಪಕ್ಕದ ಮನೆ, ಅದರ ಪಕ್ಕದ ಮನೆ ಅಂತ ಹೋಗಿ ಕೊನೇಗೆ ನಿಮ್ಮದೇ ಇನ್ನುಳಿದ ಹಸುಗಳಿಗೆ ತಿರುಗಿ ಬರುತ್ತೆ. 2013ರಲ್ಲಿ ನಮ್ಮ ರಾಜ್ಯದಲ್ಲಿ ಕಾಲುಬಾಯಿಗೆ ಸಾವಿರಾರು ರಾಸು ಸತ್ತಿದ್ದು ಇನ್ನೂ ಮರೆತಿಲ್ಲ ತಾನೇ. ಚರ್ಮಗಂಟು ರೋಗ ನೋಡಿ, ದೇಶಕ್ಕೆ ಬಂದಿದ್ದು 2019ರಲ್ಲಿ, ಒಡಿಶಾದಲ್ಲಿ. ಮೊದಮೊದಲು ಸಾವು ಕಡಿಮೆ ಇತ್ತು, ಯಾರೂ ಅಷ್ಟಾಗಿ ತಲೆ ಕೆಡಿಸ್ಕೊಳ್ಳಲಿಲ್ಲ, 2022ರಲ್ಲಿ ಗುಜರಾತ್ ರಾಜಸ್ಥಾನದಲ್ಲಿ ಸಿಡಿದು ಆ ಒಂದೇ ವರ್ಷ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ರಾಸು ಹೋದ್ವು. ಕಚ್ಚೋ ನೊಣ, ಸೊಳ್ಳೆ, ಉಣುಗಿನಿಂದ ಹರಡೋ ರೋಗ ಅದು, ಚೆಕ್‌ಪೋಸ್ಟಲ್ಲಿ ಲಾರಿ ನಿಲ್ಲಿಸಬಹುದು, ನೊಣ ನಿಲ್ಲಿಸೋಕಾಗುತ್ತಾ?

ಆದ್ರೂ ನಿಮ್ಮ ಪ್ರಶ್ನೆಯಲ್ಲಿ ಒಂದು ಸತ್ಯ ಇದೆ, ಅದನ್ನ ಇಲಾಖೆ ಒಪ್ಕೋಬೇಕು. ರೋಗ ಹರಡದ ಹಾಗೆ ಸರ್ಕಾರವೇ ಕೊಂದ ಪ್ರಾಣಿಗೆ ಪರಿಹಾರ ಕೊಡೋಕೆ ವ್ಯವಸ್ಥೆ ಇದೆ, ಕೇಂದ್ರ ಅರ್ಧ ರಾಜ್ಯ ಅರ್ಧ. ರೋಗ ಬಂದು ತಾನಾಗೇ ಸತ್ತ ಹಸುವಿಗೆ ಮಾತ್ರ ಆಯಾ ರಾಜ್ಯ ಆಯಾ ಹೊತ್ತಿಗೆ ತೀರ್ಮಾನ ಮಾಡಬೇಕು, ಚರ್ಮಗಂಟಿಗೆ ನಮ್ಮ ರಾಜ್ಯ ಹಂಗೇ ಘೋಷಣೆ ಮಾಡಿದ್ದು. ಹಾಲು ನಿಂತ ಹದಿನೈದು ಇಪ್ಪತ್ತು ದಿನದ ನಷ್ಟಕ್ಕೆ ಕೇಳೋರೇ ಇಲ್ಲ. ಮೊದಲು ಫೋನ್ ಮಾಡಿದೋನಿಗೆ ಬೈಗುಳ, ಮುಚ್ಚಿಟ್ಟು ಮಾರಿದೋನಿಗೆ ಲಾಭ ಅಂತ ಇರೋವರೆಗೂ ಎಷ್ಟು ಕೋಟಿ ಸುರಿದ್ರೂ ಕಣ್ಗಾವಲು ಅರೆಬರೆಯೇ. ಬೇಗ ಹೇಳಿದೋರಿಗೆ ಹಾಲಿನ ನಷ್ಟ ತುಂಬಿ ಕೊಡಿ, ಅದಕ್ಕಿಂತ ಅಗ್ಗದ ರೋಗ ನಿಯಂತ್ರಣ ಇನ್ನೊಂದಿಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಸದ್ಯಕ್ಕೆ ಫೋನ್ ಮಾಡಿ. 1962 ಉಚಿತ ನಂಬರ್ರು, ಸಂಚಾರಿ ಪಶು ಚಿಕಿತ್ಸಾ ವಾಹನದ್ದು.

ಪ್ರ: ಹಕ್ಕಿಜ್ವರ ಬಂದಿದ್ದು ಯಾರದ್ದೋ ಫಾರಂಗೆ. ಅದಕ್ಕೆ ಸುತ್ತಲಿನ ಮನೆಗಳ ನಾಟಿ ಕೋಳಿನೂ ಯಾಕೆ ಕೊಲ್ತಾರೆ? ಅವು ಚೆನ್ನಾಗೇ ಇದ್ವಲ್ಲ?

ಉ: ಕೋಳಿ ಸಾಕಿದೋರಿಗೆ ಇದು ನುಂಗಲಾರದ ತುತ್ತು. ನಿಯಮ ಹಿಂಗಿದೆ: ಭೋಪಾಲ್ ಲ್ಯಾಬು ಖಾತ್ರಿ ಮಾಡಿದ ಮೇಲೆ ಸುತ್ತ 1 ಕಿಲೋಮೀಟರ್ ಸೋಂಕಿತ ವಲಯ, ಅಲ್ಲಿನ ಎಲ್ಲಾ ಸಾಕು ಹಕ್ಕಿಗಳನ್ನ ಕೊಂದು ಆಳದ ಗುಂಡೀಲಿ ಹೂಳ್ತಾರೆ, ಮೊಟ್ಟೆ, ಕೋಳಿ ಫೀಡು ಸಮೇತ. 1ರಿಂದ 10 ಕಿಲೋಮೀಟರ್ ಕಣ್ಗಾವಲು ವಲಯ, ಅಲ್ಲಿ ಕೊಲ್ಲಲ್ಲ, ಮಾದರಿ ತೆಗೀತಾ ಇರ್ತಾರೆ. ಎಲ್ಲಾ ಸ್ವಚ್ಛ ಮಾಡಿದ ಮೇಲೂ ಮೂರು ತಿಂಗಳು ನಿಗಾ ಮುಂದುವರಿಯುತ್ತೆ.

ಚೆನ್ನಾಗೇ ಇದ್ವು ಅಂದ್ರಲ್ಲ, ಇವತ್ತು ಚೆನ್ನಾಗಿರೋ ಕೋಳಿ ನಾಡಿದ್ದು ಬೆಳಿಗ್ಗೆ ಕಾಲು ಚಾಚಿ ಬಿದ್ದಿರುತ್ತೆ. ಅದಕ್ಕಿಂತ ದೊಡ್ಡ ಭಯ ಅಂದ್ರೆ ವೈರಸ್ ಕೋಳಿ ಸಾಕೋ ಮನುಷ್ಯರಿಗೆ ದಾಟೋದು. ಭಾರತಕ್ಕೆ ಇದು ಮೊದಲು ಬಂದಿದ್ದು 2006ರ ಫೆಬ್ರವರಿ, ಮಹಾರಾಷ್ಟ್ರದ ನವಾಪುರದಲ್ಲಿ. ಬೆಂಗಳೂರಿನ ಹತ್ರ ಹೆಸರಘಟ್ಟದಲ್ಲಿ 2012ರಲ್ಲಿ ಬಂದಿದ್ದು ಕೇಂದ್ರ ಸರ್ಕಾರದ್ದೇ ಕೋಳಿ ಸಂಸ್ಥೆಗೆ, ಅಲ್ಲೂ ಇದೇ ನಿಯಮ, ಸರ್ಕಾರಿ ಹಕ್ಕಿ ಅಂತ ಬಿಡಲಿಲ್ಲ.

ಒಂದು ವಿಷಯ ಗಟ್ಟಿಯಾಗಿ ಕೇಳಿಸ್ಕೊಳ್ಳಿ. ಪರಿಹಾರ ಸಿಗೋದು ತಂಡ ಬಂದು ಕೊಂದ ಹಕ್ಕಿಗೆ, ಅವರು ಬರೋ ಮೊದಲೇ ಸತ್ತಿದ್ದಕ್ಕೆ ಸಿಗಲ್ಲ. ಇವತ್ತು ಹತ್ತು ಸತ್ವು, ನಾಳೆ ನೋಡೋಣ ಅಂತ ಕಾಯ್ತಾ ಕೂತ್ರೆ ಲೆಕ್ಕದಿಂದ ದಿನಾ ಕೋಳಿ ಕಳೀತಾ ಹೋಗುತ್ತೆ. ಸತ್ತಿದ್ದನ್ನ ಕಾಲುವೆಗೆ ಎಸೆಯೋದಂತೂ ಬೇಡವೇ ಬೇಡ.

ಪ್ರ: ಕಿವಿಯೋಲೆ ಹಾಕಿಸ್ಲೇಬೇಕಾ? ಕಿವಿ ಹರಿದು ಹೋಗುತ್ತೆ.

ಉ: ಹಾಕಿಸಿ. 12 ಅಂಕಿಯ ನಂಬರ್ ಅದು, ಭಾರತ್ ಪಶುಧನ್ ಅನ್ನೋ ವ್ಯವಸ್ಥೆಗೆ ಸೇರುತ್ತೆ, ಯಾವ ಲಸಿಕೆ ಯಾವಾಗ ಆಯ್ತು, ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅಂತ. ರೋಗ ಬಂದ ಹಸು ಯಾವ ಸಂತೆಯಿಂದ ಬಂತು ಅಂತ ಹಿಂದಕ್ಕೆ ಹುಡುಕೋಕೆ ಬೇರೆ ದಾರಿ ಇಲ್ಲ. ವಿಮೆಗೂ ಅದೇ ನಂಬರ್ ಕೇಳ್ತಾರೆ. ಕಿವಿಯ ನಡುಭಾಗದಲ್ಲಿ, ದಪ್ಪ ನರ ತಪ್ಪಿಸಿ ಹಾಕಿದ್ರೆ ಹರಿಯಲ್ಲ, ಅಂಚಿಗೆ ಹಾಕಿದ್ರೆ ಗೂಟಕ್ಕೆ ಸಿಕ್ಕಿ ಹರಿಯುತ್ತೆ. ಮಾರಿದಾಗ ಹೆಸರು ಬದಲಾಯಿಸೋಕೆ ಹೇಳಿ, ಅದನ್ನ ಮಾತ್ರ ಯಾರೂ ಮಾಡಲ್ಲ.

ಪ್ರ: ನಮ್ಮ ಕುರಿ ಹಿಂಡಲ್ಲಿ ರಾತ್ರಿ ಚೆನ್ನಾಗಿದ್ದ ಎರಡು ಕುರಿ ಬೆಳಿಗ್ಗೆ ಸತ್ತಿದ್ವು, ಮೂಗಲ್ಲಿ ರಕ್ತ. ಕೊಯ್ದು ನೋಡಿದ್ರೆ ಯಾವ ರೋಗ ಅಂತ ಗೊತ್ತಾಗುತ್ತಾ?

ಉ: ಕೊಯ್ಯಲೇಬೇಡಿ! ದಿಢೀರ್ ಸಾವು, ಮೂಗು ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ, ಹೊಟ್ಟೆ ಬೇಗ ಉಬ್ಬಿದೆ ಅಂದ್ರೆ ಮೊದಲ ಅನುಮಾನ ನೆರಡಿ, ಅಂದ್ರೆ ಆಂಥ್ರಾಕ್ಸ್. ಮೈಯೊಳಗೆ ಇರೋವರೆಗೂ ಆ ರೋಗಾಣು ಅಷ್ಟು ಗಟ್ಟಿ ಅಲ್ಲ, ಕೊಯ್ದು ಗಾಳಿ ತಾಗಿಸಿದ್ರೆ ಬೀಜದಂಥ ಕವಚ ಕಟ್ಕೊಂಡು ಮಣ್ಣಿಗೆ ಸೇರುತ್ತೆ, ಹತ್ತಾರು ವರ್ಷ ಅಲ್ಲೇ ಇರುತ್ತೆ, ಮಳೆ ಬಂದಾಗ ಮೇಲೆ ಬಂದು ಹುಲ್ಲಿಗೆ ಹತ್ತುತ್ತೆ. ಚರ್ಮ ಸುಲಿದೋರಿಗೆ ಕೈ ಮೇಲೆ ಕಪ್ಪು ಹುಣ್ಣು, ಮಾಂಸ ತಿಂದೋರ ಜೀವಕ್ಕೇ ಅಪಾಯ. ಡಾಕ್ಟ್ರು ಬಂದು ಕಿವಿಯ ನರದಿಂದ ಒಂದು ಹನಿ ರಕ್ತ ಗಾಜಿನ ಸ್ಲೈಡಿಗೆ ಸವರ್ಕೊಂಡು ಹೋಗ್ತಾರೆ, ರೋಗ ಹಿಡಿಯೋಕೆ ಅಷ್ಟೇ ಸಾಕು. ಕುರಿ ಎಲ್ಲಿ ಬಿತ್ತೋ ಅದರ ಹತ್ರವೇ ಆರು ಅಡಿ ಗುಂಡಿ, ಸುಣ್ಣ, ಎಳ್ಕೊಂಡು ಹೋಗೋದು ಬೇಡ, ರಕ್ತ ಬಿದ್ದ ಮಣ್ಣೂ ಗುಂಡಿಗೇ. ನಾಯಿ ಅಗೆಯದ ಹಾಗೆ ಮೇಲೆ ಮುಳ್ಳು ಕಲ್ಲು ಹಾಕಿ. ಊರಿನ ಆರೋಗ್ಯ ಕೇಂದ್ರಕ್ಕೂ ಒಂದು ಮಾತು ಹೇಳಿ.

ಪ್ರ: ಮಳೆ ಮುನ್ಸೂಚನೆ ಥರ ರೋಗದ ಮುನ್ಸೂಚನೆನೂ ಕೊಡ್ತಾರಂತೆ, ನಿಜಾನಾ? ನಂಬಬಹುದಾ?

ಉ: ನಿಜ. ಬೆಂಗಳೂರಿನ ಯಲಹಂಕದಲ್ಲಿರೋ ನಿವೇದಿ ಅನ್ನೋ ರಾಷ್ಟ್ರೀಯ ಸಂಸ್ಥೆ ಹಿಂದಿನ ವರ್ಷಗಳ ರೋಗದ ದಾಖಲೆ, ಮಳೆ, ಉಷ್ಣಾಂಶ, ದನದ ಸಂಖ್ಯೆ ಎಲ್ಲಾ ಸೇರಿಸಿ ಜಿಲ್ಲೆವಾರು ಎರಡು ತಿಂಗಳು ಮುಂಚೆ ಹೇಳುತ್ತೆ, ಈ ಜಿಲ್ಲೇಲಿ ಗಳಲೆ ಬರೋ ಸಾಧ್ಯತೆ ಜಾಸ್ತಿ, ಅಲ್ಲಿ ಚಪ್ಪೆ ರೋಗ ಅಂತ. ಮಳೆಗಾಲಕ್ಕೆ ಮುಂಚೆ ಯಾವ ಲಸಿಕೆ ಎಲ್ಲಿಗೆ ಕಳಿಸಬೇಕು ಅಂತ ತೀರ್ಮಾನ ಮಾಡೋಕೆ ಇದು ಚೆನ್ನಾಗಿ ಬಳಕೆ ಆಗುತ್ತೆ. ನಂಬಬಹುದಾ ಅಂದ್ರೆ, ಅದರ ಹೊಟ್ಟೆಗೆ ಹಾಕೋದೇ ನಮ್ಮ ನಿಮ್ಮ ವರದಿಗಳನ್ನ. ಒಂದು ಜಿಲ್ಲೆಯವರು ರೋಗ ಬಂದ್ರೂ ಬರೆಯಲ್ಲ ಅಂದ್ಕೊಳ್ಳಿ, ಮ್ಯಾಪಲ್ಲಿ ಆ ಜಿಲ್ಲೆ ಹಸಿರಾಗಿ ಕಾಣುತ್ತೆ, ಪ್ರಾಮಾಣಿಕವಾಗಿ ಬರೆದ ಪಕ್ಕದ ಜಿಲ್ಲೆ ಕೆಂಪಗೆ ಕಾಣುತ್ತೆ, ಮೀಟಿಂಗಲ್ಲಿ ಬೈಸ್ಕೊಳ್ಳೋದು ಕೆಂಪಿನೋರು! ಇದು ಮೇಲಿನ ಅಧಿಕಾರಿಗಳು ಬದಲಾಯಿಸ್ಕೋಬೇಕಾದ ಬುದ್ಧಿ. ಈ ತಿಂಗಳು ಇಂತಿಷ್ಟು ಊರು ನೋಡಿದೆ, ರೋಗ ಕಾಣಲಿಲ್ಲ ಅಂತ ಬರೆಯೋದೂ ವರದಿಯೇ, ಖಾಲಿ ಬಿಡೋದು ವರದಿ ಅಲ್ಲ.

ತಯಾರಿ ವಿಷಯಕ್ಕೆ ಬಂದ್ರೆ ಈಚೆಗೆ ದುಡ್ಡು, ಕಾಗದ ಎರಡೂ ಬಂದಿದೆ. 2024ರ ಅಕ್ಟೋಬರಲ್ಲಿ ಕೇಂದ್ರ ಪಶುಸಂಗೋಪನಾ ಇಲಾಖೆ ಪ್ರಾಣಿ ರೋಗಗಳ ತುರ್ತು ನಿರ್ವಹಣಾ ಯೋಜನೆ ಬಿಡುಗಡೆ ಮಾಡ್ತು, ಮಹಾಮಾರಿ ಎದುರಿಸೋಕೆ ಅಂತ ಇರೋ ಜಾಗತಿಕ ಪ್ಯಾಂಡೆಮಿಕ್ ಫಂಡ್‌ನಿಂದ 2.5 ಕೋಟಿ ಡಾಲರ್ ನೆರವು ಲ್ಯಾಬು ಮತ್ತು ಕಣ್ಗಾವಲಿಗೆ ಅಂತ ಬಂತು. ವಿಶ್ವಬ್ಯಾಂಕ್ ನೆರವಿನ ಇನ್ನೊಂದು ಯೋಜನೆ ಐದು ರಾಜ್ಯಕ್ಕಿದೆ, ಅದರಲ್ಲಿ ಕರ್ನಾಟಕನೂ ಒಂದು. ಆದ್ರೆ ತುರ್ತು ಯೋಜನೆ ಅನ್ನೋದು ಅಣಕು ಕವಾಯತು ಮಾಡಿ ನೋಡದೇ ಇದ್ರೆ ಬೀರುವಲ್ಲಿ ಇಟ್ಟ ಫೈಲು ಅಷ್ಟೇ. ಜೆಸಿಬಿ ಯಾರು ಕಳಿಸ್ತಾರೆ, ಗುಂಡಿ ಯಾರ ಜಮೀನಲ್ಲಿ, ಪಿಪಿಇ ಕಿಟ್ ಯಾವ ಗೋಡೌನಲ್ಲಿ, ಭಾನುವಾರ ಸ್ಯಾಂಪಲ್ ತಗೊಂಡು ಭೋಪಾಲ್ ಫ್ಲೈಟ್ ಹತ್ತೋರು ಯಾರು, ಇಷ್ಟಕ್ಕೆ ಹೆಸರು ಸಮೇತ ಉತ್ತರ ಇರೋ ಜಿಲ್ಲೇನ ತಯಾರಾಗಿದೆ ಅಂತ ಕರೀಬಹುದು.

ಪ್ರ: ಕಾಡಲ್ಲಿ ಮಂಗ ಸತ್ರೆ ಪಶು ಇಲಾಖೆಗೆ ಏನು ಸಂಬಂಧ?

ಉ: ಬಹಳ ಸಂಬಂಧ. ಮಂಗನ ಕಾಯಿಲೆ ಪತ್ತೆ ಆಗಿದ್ದೇ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದಾಗ. ಜನಕ್ಕೆ ಜ್ವರ ಬರೋ ಮೊದಲೇ ಮಂಗ ಸುಳಿವು ಕೊಡುತ್ತೆ. ಮುಟ್ಟಬೇಡಿ, ಹತ್ರ ಹೋಗಬೇಡಿ, ಸತ್ತ ಮಂಗನ ಮೈಯಿಂದ ಇಳಿದ, ರೋಗ ಹರಡೋ ಉಣುಗು ಅಲ್ಲೇ ಸುತ್ತಮುತ್ತ ಇರುತ್ತೆ. ಅರಣ್ಯದವರಿಗೋ ಆರೋಗ್ಯ ಕೇಂದ್ರಕ್ಕೋ ಹೇಳಿ. ಅರಣ್ಯ, ಆರೋಗ್ಯ, ಪಶು ಈ ಮೂರು ಇಲಾಖೆ ಒಟ್ಟಿಗೆ ಕೂತು ಮಾತಾಡ್ಬೇಕಾದ ರೋಗ ಇದು, ಕೂರೋದು ಸಾಮಾನ್ಯವಾಗಿ ಮನುಷ್ಯರು ಸತ್ತ ಮೇಲೆ.

ಪ್ರ: ನಮ್ಮೂರ ದನಕ್ಕೆ ರೋಗ ಬಂದ್ರೆ ಪ್ಯಾರಿಸ್‌ಗೆ ಯಾಕೆ ವರದಿ ಕಳಿಸ್ಬೇಕು? ನಮ್ಮ ಮರ್ಯಾದೆ ನಾವೇ ಕಳ್ಕೊಂಡ ಹಾಗಲ್ವಾ?

ಉ: ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಇರೋದು ಪ್ಯಾರಿಸಲ್ಲಿ. ಅದು ಹುಟ್ಟಿದ ಕಥೇಲಿ ನಮ್ಮ ಗೂಳಿಗಳೇ ಇದಾವೆ. 1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹಡಗಲ್ಲಿ ಹೊರಟ ಡುಬ್ಬದ ದನಗಳು ದಾರೀಲಿ ಬೆಲ್ಜಿಯಂನ ಆಂಟ್ವರ್ಪ್ ಬಂದರಲ್ಲಿ ಇಳಿದ್ವು, ಜೊತೆಗಿದ್ದ ದೊಡ್ಡ ರೋಗ, ಅದೇ ರಿಂಡರ್‌ಪೆಸ್ಟ್, ಅಲ್ಲಿನ ದನಕ್ಕೆ ಅಂಟ್ತು. ಗಾಬರಿ ಬಿದ್ದ ದೇಶಗಳು ಸೇರಿ 1924ರಲ್ಲಿ 28 ದೇಶಗಳ ಸಹಿಯೊಂದಿಗೆ ಈ ಸಂಸ್ಥೆ ಕಟ್ಟಿದ್ವು, ಯಾರ ಹತ್ರ ಯಾವ ರೋಗ ಬಂದ್ರೂ ಉಳಿದೋರಿಗೆ ಹೇಳ್ಬೇಕು ಅಂತ. ಈಗ ಪಟ್ಟೀಲಿರೋ ರೋಗ ಹೊಸದಾಗಿ ಖಾತ್ರಿ ಆದ್ರೆ 24 ಗಂಟೆ ಒಳಗೆ ತಿಳಿಸ್ಬೇಕು. ಮರ್ಯಾದೆ ಹೋಗೋದು ಹೇಳಿದ್ದಕ್ಕಲ್ಲ, ನಮ್ಮ ಮಾಂಸ ಹಾಲು ಕೊಳ್ಳೋ ದೇಶದವರು ತಮ್ಮ ಬಂದರಲ್ಲಿ ತಾವೇ ಪತ್ತೆ ಮಾಡಿದಾಗ. ಆಗ ಒಂದು ಜಿಲ್ಲೆಯ ರೋಗಕ್ಕೆ ಇಡೀ ದೇಶದ ಸರಕು ನಿಲ್ಲಿಸ್ತಾರೆ, ಯಾಕಂದ್ರೆ ಉಳಿದ ಜಿಲ್ಲೆ ಚೆನ್ನಾಗಿದೆ ಅಂತ ನಾವು ಹೇಳಿದ್ರೂ ನಂಬೋಕೆ ಅವರ ಹತ್ರ ಕಾರಣ ಉಳಿದಿರಲ್ಲ. ಮೊದಲೇ ಹೇಳಿ, ರಕ್ತ ಪರೀಕ್ಷೆಯ ದಾಖಲೆ ತೋರಿಸಿದ್ರೆ ರೋಗ ಇರೋ ಭಾಗ ಮಾತ್ರ ಬಿಟ್ಟು ಉಳಿದ ಕಡೆಯಿಂದ ತರಿಸ್ಕೊಳ್ಳೋಕೆ ನಿಯಮದಲ್ಲಿ ಅವಕಾಶ ಇದೆ.